ಖಳ-ನವಗೃಹ ನಿರ್ಣಯ

ಕುಂಡಲಿಗೆ ಹನ್ನೆರಡು ಮನೆ. ಅಮೆರಿಕದವರು ಒಂಬತ್ತಕ್ಕೇ ಮುಗಿಸಿದ್ದಾರೆ.

ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬಿಬ್ಬರು 1974ರಲ್ಲಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟ ಹೊರತಂದರು. ಮೇಜಿನ ಸುತ್ತ ಕೂತು, ದಾಳ ಉರುಳಿಸುತ್ತ, ಒಬ್ಬ ಮಾಂತ್ರಿಕನಾಗಿ, ಇನ್ನೊಬ್ಬ ಕಳ್ಳನಾಗಿ ಮಾತಾಡುವ ಆಟ. ತಾಳಮದ್ದಳೆಯಲ್ಲಿ ಚೆಂಡೆಯ ಬದಲು ದಾಳ ಇಟ್ಟುಕೊಂಡರೆ ಹೇಗೋ ಹಾಗೆ. ಪ್ರತಿ ಪಾತ್ರಕ್ಕೂ ಒಂದು ಶೀಲ ಇರಲಿ ಎಂದು ಮೊದಲು ಮೂರೇ ಮನೆ ಕಟ್ಟಿದರು: ಕಟ್ಟಳೆ, ತಟಸ್ಥ, ಅಡ್ಡಾದಿಡ್ಡಿ. ಪೋಲ್ ಆಂಡರ್ಸನ್, ಮೈಕೆಲ್ ಮೂರ್ಕಾಕ್ ಅವರ ಕಾದಂಬರಿಗಳಿಂದ ತಂದ ಎರವಲು ಅದು. ಕಟ್ಟಳೆ ಪಾಲಿಸುವವರೆಲ್ಲ ಒಳ್ಳೆಯವರಲ್ಲ ಎಂಬುದು ಅವರಿಗೆ ಹೊಳೆಯಲು ಇನ್ನೂ ಕೆಲವು ವರ್ಷ ಬೇಕಾಯಿತು. (ಯಾವುದಾದರೂ ಸರ್ಕಾರಿ ಕಚೇರಿಯಲ್ಲಿ ಒಂದು ಮಧ್ಯಾಹ್ನ ಕೂತಿದ್ದರೆ ಬೇಗ ಹೊಳೆಯುತ್ತಿತ್ತು.) 1978ರ ಆಟಗಾರರ ಕೈಪಿಡಿಯ ಹೊತ್ತಿಗೆ ಸಾಧು, ತಟಸ್ಥ, ಕೇಡಿ ಎಂಬ ಇನ್ನೊಂದು ಸಾಲು ಅಡ್ಡಲಾಗಿ ಬಂದು, ಮೂರು ಮೂರ್ಲ ಒಂಬತ್ತಾಯಿತು.

ಲೋಕದಲ್ಲಿ ಇಷ್ಟು ಶಾಸ್ತ್ರೀಯವಾದ ವ್ಯವಸ್ಥೆ ಇದ್ದೂ ನಮ್ಮ ಬೆಳ್ಳಿತೆರೆಯ ಖಳರನ್ನು ಇಂದಿಗೂ ಬರೀ ಮೀಸೆಯ ಉದ್ದದಿಂದ ಅಳೆಯುತ್ತಿರುವುದು ಈ ಬಡ ಸಂಶೋಧಕನನ್ನು ಬಹುಕಾಲದಿಂದ ಕಾಡಿದೆ. ಆದ್ದರಿಂದ ಈ ಪ್ರಬಂಧ. ಪೂರ್ವಪಕ್ಷವನ್ನು ವಹಿಸಿಕೊಂಡವರು ನಮ್ಮ ಚಿಕ್ಕಮ್ಮ. ಟೆಂಟ್ ಸಿನಿಮಾದ ಮರಳಿನ ಮೇಲೆ ಕೂತು ವಜ್ರಮುನಿಗೆ ಲಟಿಕೆ ಮುರಿದು ಶಾಪ ಹಾಕಿದ ಅನುಭವ ಅವರದು. ಈ ಕ್ಷೇತ್ರದಲ್ಲಿ ಇದಕ್ಕಿಂತ ದೊಡ್ಡ ಅರ್ಹತೆ ನನಗೆ ತಿಳಿದಂತೆ ಇಲ್ಲ.

ಮೊದಲ ಪ್ರಯೋಗಕ್ಕೆ ಗಬ್ಬರ್ ಸಿಂಗ್‌ನನ್ನೇ ಆರಿಸಿಕೊಂಡೆ. ‘ಶೋಲೆ’ 1975ರ ಆಗಸ್ಟ್ 15ರಂದು ತೆರೆಕಂಡ ಹಿಂದಿ ಚಿತ್ರವಾದರೂ ಗಬ್ಬರ್ ಓಡಾಡಿದ ಬಂಡೆಗಳು ನಮ್ಮ ರಾಮನಗರದವು. ಹೀಗಾಗಿ ಅವನ ಮೇಲೆ ನಮಗೂ ಅಧಿಕಾರವುಂಟು. ಮೇಲ್ನೋಟಕ್ಕೆ ಅವನು ಅಡ್ಡಾದಿಡ್ಡಿ ಕೇಡಿ. ಆದರೆ ಆ ಪ್ರಸಿದ್ಧ ದೃಶ್ಯವನ್ನು ತಾರ್ಕಿಕನ ಕಣ್ಣಿನಿಂದ ನೋಡಿ. ಸೋತು ಬಂದ ಮೂವರು ಅನುಚರರು ನಿಂತಿದ್ದಾರೆ, ಪಿಸ್ತೂಲಿನಲ್ಲಿ ಆರು ಗುಂಡು. ಮೂರು ಜನಕ್ಕೆ ಆರು ಗುಂಡೆಂದರೆ ಅನ್ಯಾಯವೆನ್ನಿಸಿ ಮೂರನ್ನು ಗಾಳಿಗೆ ಹಾರಿಸುತ್ತಾನೆ. ಚಕ್ರ ತಿರುಗಿಸುತ್ತಾನೆ. ಒಬ್ಬೊಬ್ಬನ ತಲೆಗೂ ಇಟ್ಟು ಕುದುರೆ ಎಳೆಯುತ್ತಾನೆ. ಮೂರು ಸಲವೂ ಖಾಲಿ. ಎಲ್ಲರೂ ನಗುತ್ತಾರೆ, ಬದುಕಿದವರೂ ನಗುತ್ತಾರೆ. ನಗು ಇಳಿಯುವ ಮೊದಲೇ ಮೂವರೂ ಹೆಣ. ಹೀಗೆ ಲೆಕ್ಕ ಮಾಡಿ, ನಿಯಮ ಸಾರಿ, ಅದೃಷ್ಟಕ್ಕೂ ಒಂದು ಅವಕಾಶ ಕೊಟ್ಟು, ಕೊನೆಗೆ ಮೇಲ್ಮನವಿಯಿಲ್ಲದೆ ತೀರ್ಪು ಜಾರಿ ಮಾಡುವವನನ್ನು ಅಡ್ಡಾದಿಡ್ಡಿ ಎನ್ನುವುದು ಹೇಗೆ? ಅಲ್ಲದೆ ಅವನು ಊರಿನವರಿಂದ ಕಾಳು ವಸೂಲಿ ಮಾಡುವುದು ರಕ್ಷಣೆಯ ಬಾಬತ್ತಿಗೆ. ಕಂದಾಯದ ವ್ಯಾಖ್ಯೆಯೂ ಹೆಚ್ಚುಕಡಿಮೆ ಅದೇ. ಅತಿವ್ಯಾಪ್ತಿ ದೋಷ ಮೊದಲ ಹೆಜ್ಜೆಗೇ ಒದಗಿತು.

ಇನ್ನೂ ಸೋಜಿಗದ ಸಂಗತಿ ಚಿತ್ರದ ಕೊನೆಯಲ್ಲಿದೆ. ಮೂಲದಲ್ಲಿ, ಗಬ್ಬರ್‌ನಿಂದ ಕೈ ಕಡಿಸಿಕೊಂಡ ಠಾಕೂರ್ ಮೊಳೆಯ ಬೂಟಿನಿಂದ ಅವನನ್ನು ತುಳಿದು ಕೊಲ್ಲುತ್ತಾನೆ. ತುರ್ತುಪರಿಸ್ಥಿತಿಯ ಕಾಲ, ಮಾಜಿ ಪೊಲೀಸ್ ಅಧಿಕಾರಿ ಕಾನೂನನ್ನು ಕೈಗೆತ್ತಿಕೊಳ್ಳುವುದನ್ನು (ಕೈಯೇ ಇಲ್ಲದಿದ್ದರೂ) ಸೆನ್ಸಾರ್ ಮಂಡಳಿ ಒಪ್ಪಲಿಲ್ಲ. ಕಡೆಗಳಿಗೆಯಲ್ಲಿ ಪೊಲೀಸರು ಬಂದು ಗಬ್ಬರ್‌ನನ್ನು ಬಂಧಿಸುವಂತೆ ಹೊಸದಾಗಿ ಚಿತ್ರೀಕರಿಸಿದರು. ಅಡ್ಡಾದಿಡ್ಡಿ ಸಾಧುವೊಬ್ಬನನ್ನು ಸರ್ಕಾರಿ ಆದೇಶದಿಂದ ಕಟ್ಟಳೆಯ ಸಾಧುವಿನ ಮನೆಗೆ ವರ್ಗಾಯಿಸಿದ ಇನ್ನೊಂದು ಉದಾಹರಣೆ ಈ ಸಂಶೋಧಕನಿಗೆ ಸಿಕ್ಕಿಲ್ಲ.

‘ಮಿಸ್ಟರ್ ಇಂಡಿಯಾ’ದ (1987) ಮೊಗಾಂಬೊ ಹೆಚ್ಚು ಹೊತ್ತು ತೆಗೆದುಕೊಳ್ಳಲಿಲ್ಲ. ಹಾರು ಎಂದರೆ ಸಿಬ್ಬಂದಿ ಕುದಿಯುವ ಆಮ್ಲಕ್ಕೆ ಹಾರುತ್ತಾರೆ, ಕಟ್ಟಳೆಯ ಕೇಡಿ. ಹಾಲಿವುಡ್ಡಿನ ಜೋಕರ್ (‘ದಿ ಡಾರ್ಕ್ ನೈಟ್’, 2008) ತನಗೆ ಯೋಜನೆಯೇ ಇಲ್ಲವೆಂದು ಕೊಚ್ಚಿಕೊಳ್ಳುತ್ತಾನೆ. ಆದರೆ ಆರಂಭದ ಬ್ಯಾಂಕ್ ದರೋಡೆಯಲ್ಲಿ ಅವನ ಹಳದಿ ಬಸ್ಸು ಗೋಡೆ ಒಡೆದು ಒಳಬಂದು, ದುಡ್ಡು ತುಂಬಿಸಿಕೊಂಡು, ಹೊರಗೆ ಸಾಗುತ್ತಿರುವ ಶಾಲಾ ಬಸ್ಸುಗಳ ಸಾಲಿನಲ್ಲಿ ಸರಿಯಾಗಿ ತನಗೆ ಬೇಕಾದ ಸಂದಿಗೆ ಸೇರಿಕೊಳ್ಳುತ್ತದೆ. ಶಾಲಾ ಬಸ್ಸಿಗೆ ಮಗುವನ್ನು ಹತ್ತಿಸಿದ ಯಾವ ತಾಯಿತಂದೆಯೂ ಇಂಥ ಸಮಯಪಾಲಕನನ್ನು ಅಡ್ಡಾದಿಡ್ಡಿ ಎನ್ನಲಾರರು.

ಕನ್ನಡಕ್ಕೆ ಬಂದರೆ ಸಮಸ್ಯೆ ಬಿಗಡಾಯಿಸುತ್ತದೆ. 1969ರ ‘ಮಲ್ಲಮ್ಮನ ಪವಾಡ’ದಿಂದ ತೆರೆಗೆ ಬಂದ ನಟಭಯಂಕರ ವಜ್ರಮುನಿಯವರ ಕಾಲದ ಸಾಹುಕಾರನನ್ನು ನೆನೆಯಿರಿ. ಅವನು ಸುಮ್ಮನೆ ಹೊಲ ಕಿತ್ತುಕೊಳ್ಳುವವನಲ್ಲ. ಛಾಪಾ ಕಾಗದ ತರಿಸುತ್ತಾನೆ, ಹೆಬ್ಬೆಟ್ಟು ಒತ್ತಿಸುತ್ತಾನೆ, ಸಾಕ್ಷಿ ಹಾಕಿಸುತ್ತಾನೆ, ಬಡ್ಡಿಯನ್ನು ಪೈಸೆ ಸಮೇತ ಹೇಳುತ್ತಾನೆ. ಪತ್ರವೆಲ್ಲ ಅವನ ಕಬ್ಬಿಣದ ಪೆಟ್ಟಿಗೆಯಲ್ಲಿ. ನಾಯಕನ ಹತ್ತಿರ ಒಂದು ಚೀಟಿಯಾದರೂ ಉಂಟೆ? ಅವನದು ಬರೀ ತೋಳು, ಮಿಕ್ಕಿದ್ದು ಹಾಡು. ಇಡೀ ಚಿತ್ರದಲ್ಲಿ ಕಟ್ಟಳೆಗೆ ಬದ್ಧನಾದ ಏಕೈಕ ವ್ಯಕ್ತಿ ಖಳನೇ ಎಂಬ ನನ್ನ ಸಿದ್ಧಾಂತ ಇಲ್ಲಿ ಹುಟ್ಟಿತು. ಕಟ್ಟಳೆಯ ಕೇಡಿಯ ಮನೆ ಮೊದಲ ದಿನದ ಮೊದಲ ಆಟದಂತೆ ತುಂಬಿ ತುಳುಕಿತು; ಅಡ್ಡಾದಿಡ್ಡಿ ಕೇಡಿಯ ಮನೆಗೆ ಬೀಗ.

ಬೀಗ ತೆಗೆಯಲು ‘ನಾಗರಹಾವು’ (1972) ನೆರವಾದೀತೆಂದು ಆಸೆಪಟ್ಟೆ. ಅಂಬರೀಶ್ ಅವರ ಮೊದಲ ಪಾತ್ರ ಜಲೀಲ ಇದ್ದಾನಲ್ಲ. ಬೀದಿಯಲ್ಲಿ ನಾಯಕ ರಾಮಾಚಾರಿಯ ಅಲಮೇಲುವನ್ನು ರೇಗಿಸುವವನು, ಕಟ್ಟಳೆಗೂ ಅವನಿಗೂ ಎಣ್ಣೆ ಸೀಗೆಕಾಯಿ. ಹಾಗೆಯೇ ಬರೆದು ಚಿಕ್ಕಮ್ಮನಿಗೆ ತೋರಿಸಿದೆ.

“ಜಲೀಲ ಹಾಳು ಮಾಡಿದ್ದೇನೋ?” ಎಂದರು. “ರಾಮಾಚಾರಿ ಕೈಯಲ್ಲಿ ಒದೆ ತಿಂದ, ಹೋದ. ಅಲಮೇಲುನ ಬಿಟ್ಟುಬಿಡು ಅಂತ ಹೇಳ್ದೋರು ಯಾರು? ಮಾರ್ಗರೆಟ್ ಬೇಡ ಅಂದೋರು ಯಾರು?”

ಚಾಮಯ್ಯ ಮೇಷ್ಟ್ರು. ಕೆ. ಎಸ್. ಅಶ್ವತ್ಥ್ ಅವರ ಆ ಮುಖವನ್ನು ಕೇಡಿಯ ಸಾಲಿನಲ್ಲಿ ಕೂರಿಸಲು ಯಾರಿಗೆ ಮನಸ್ಸು ಬಂದೀತು? ಆದರೆ ಲೆಕ್ಕ ನೋಡಿ. ಜಾತಿಯ ಕಟ್ಟಳೆಗೆ ತಲೆಬಾಗಿ ಅವರು ಶಿಷ್ಯನ ಪ್ರೀತಿಯನ್ನು ದಾನ ಕೇಳಿದರು. ಅಲಮೇಲು ಬೇರೆಯವನ ಕೈಹಿಡಿದು ಬೀದಿಪಾಲಾದಳು. ಎರಡನೆಯ ಸಲ ಮಾರ್ಗರೆಟ್‌ಗೆ ಅಡ್ಡವಾಗಿ ಧರ್ಮದ ಕಟ್ಟಳೆ ತಂದರು. ಚಿತ್ರದುರ್ಗದ ಬೆಟ್ಟದ ಮೇಲೆ ಮೂರು ಜೀವ ಹೋಯಿತು, ಅದರಲ್ಲಿ ಒಂದು ಅವರದೇ. ಕಟ್ಟಳೆಯ ಸಾಧು ಎಂದು ಬರೆಯುವಾಗ ಪೆನ್ನು ನಡುಗಿತು. ಜಲೀಲನನ್ನು ಆಡಿದವರಾದರೋ ಮುಂದೆ ನಾಯಕರಾಗಿ, ಮಂಡ್ಯದ ಸಂಸದರಾಗಿ, ಕೇಂದ್ರದ ರಾಜ್ಯ ಸಚಿವರೂ ಆದರು. ಶೀಲ ಬದಲಿಸಿದವನು ಒಂದು ಮೆಟ್ಟಿಲು ಕೆಳಗಿಳಿಯಬೇಕು ಎನ್ನುತ್ತಿತ್ತು ಆ ಅಮೆರಿಕನ್ ಆಟದ ಹಳೆಯ ನಿಯಮ. ಅದನ್ನು ಬರೆದವರು ಮಂಡ್ಯ ನೋಡಿರಲಿಲ್ಲ.

ಕೊನೆಗೆ ಉಳಿದದ್ದು ‘ಭಕ್ತ ಪ್ರಹ್ಲಾದ’ (1983). ಹಿರಣ್ಯಕಶಿಪುವಾಗಿ ರಾಜ್‌ಕುಮಾರ್, ಪ್ರಹ್ಲಾದನಾಗಿ ಅವರ ಮಗನೇ ಪುನೀತ್. ಲೋಕದ ಕಟ್ಟಳೆಯ ಕೇಡಿಗಳಿಗೆಲ್ಲ ಈತ ಕುಲಪತಿ. ವರ ಕೇಳಿದ ರೀತಿ ನೋಡಿ: ಮನುಷ್ಯನಿಂದಲ್ಲ, ಮೃಗದಿಂದಲ್ಲ, ಹಗಲಲ್ಲ, ಇರುಳಲ್ಲ, ಒಳಗಲ್ಲ, ಹೊರಗಲ್ಲ, ನೆಲದ ಮೇಲಲ್ಲ, ಆಕಾಶದಲ್ಲಲ್ಲ. ಪಳಗಿದ ಪತ್ರಬರಹಗಾರ ಬರೆದಂಥ ಕರಾರು. ಅದನ್ನು ಮುರಿಯುವ ಧೈರ್ಯ ದೇವರಿಗೂ ಆಗಲಿಲ್ಲ. ಒಂದೊಂದು ಷರತ್ತಿನ ಸಂದಿಯಲ್ಲೂ ಬೆರಳು ತೂರಿಸಿ, ಮುಸ್ಸಂಜೆಗೆ ಕಾದು, ಹೊಸ್ತಿಲ ಮೇಲೆ ಕೂತು, ತೊಡೆಯ ಮೇಲೆ ಕೆಡವಿಕೊಂಡು ಉಗುರಿನಲ್ಲಿ ಮುಗಿಸಿದ. ಅದೂ ಅಲ್ಲ, ಇದೂ ಅಲ್ಲ. ಒಂಬತ್ತು ಮನೆಗಳ ನಟ್ಟನಡುವಿನ, ನವಗ್ರಹಗಳಲ್ಲಿ ಸೂರ್ಯನಿರುವ ಜಾಗದ ಅಪ್ಪಟ ತಟಸ್ಥ ಮನೆ ನರಸಿಂಹನದೇ ಎಂದು ತೀರ್ಮಾನಿಸಿ, ಈ ಶೋಧಕ್ಕೆ ನಾನೇ ಬೆರಗಾಗಿ, ನಕ್ಷೆಯನ್ನು ಪೂರ್ವಪಕ್ಷದ ಮುಂದಿಟ್ಟೆ.

ಚಿಕ್ಕಮ್ಮ ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿದರು.

“ನಡುಮನೆಯೊಳಗೆ ಕೂರಿಸಿಬಿಟ್ಟಿದ್ದೀಯಲ್ಲೋ,” ಎಂದರು. “ಒಳಗೆ ಕೂತ್ರೆ ವರ ನಡೆದುಬಿಡತ್ತೆ, ಅವನು ಸಾಯೋದು ಹೇಗೆ? ಒಂಬತ್ತು ಮನೆ ಕಟ್ಟಿದ್ದೀಯ, ಒಂದಕ್ಕಾದ್ರೂ ಹೊಸ್ತಿಲು ಇಟ್ಟಿದ್ದೀಯಾ?”

ಈ ಲೋಪವನ್ನು ಎರಡನೆಯ ಆವೃತ್ತಿಯಲ್ಲಿ ಸರಿಪಡಿಸಲಾಗುವುದು.