ನೀಲಿ ಹಂಗಾಮು

ಮುಂಗಾರು ಹಿಡಿಯುವ ಮುನ್ನ ನಮ್ಮ ಮನೆಯಲ್ಲಿ ಎಲ್ಲರದೂ ಒಂದೇ ಬಣ್ಣ. ಅಡಿಕೆಗೆ ಕೊಳೆರೋಗ ಬಾರದಿರಲೆಂದು ಬೋರ್ಡೋ ಹೊಡೆಯುವ ಕಾಲವಲ್ಲವೇ! 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಇಷ್ಟೂ ಅಡಿಕೆ ಕೊನೆಗೇ ಹೋಗಬೇಕೆಂಬುದು ಶಾಸ್ತ್ರ. ಆದರೆ ಮೇಲೆ ಮರವೇರಿ ಔಷಧಿ ಹೊಡೆಯುವ ಕೊನೆಗೌಡ, ಕೆಳಗೆ ಪೈಪು ಹಿಡಿದ ನಾನು, ನಡುವೆ ಗಾಳಿ. ಸಂಜೆಯೊಳಗೆ ನಮ್ಮ ಬಿಳಿ ನಾಯಿಗೂ ಕೃಷ್ಣಾವತಾರ.

ದ್ರಾವಣದ ಹದ ನೋಡಲು ಹೊಳೆಯುವ ಕಬ್ಬಿಣದ ಚಾಕು ಅದ್ದಬೇಕು. ಅಲಗಿಗೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು. ತೋಟದ ಕತ್ತಿಗಳೆಲ್ಲ ತುಕ್ಕು. ಹೊಳೆಯುವುದು ಅಡುಗೆಮನೆಯಲ್ಲಿ ಒಂದೇ, ಅದೂ ಹಲಸಿನಕಾಯಿ ಹೆಚ್ಚುವಾಗಲೇ ಮಾಯವಾಗುತ್ತದೆ. “ಹುಳಿಗೂ ಕೊಳೆರೋಗ ಬರ್ತದಾ?” ಎಂದು ಒಳಗಿನಿಂದ ಹೆಂಡತಿಯ ವಿಚಾರಣೆ.

ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದಾರಿಹೋಕರು ದ್ರಾಕ್ಷಿ ಕದಿಯದಿರಲೆಂದು ರೈತರು ಬೇಲಿಬದಿಯ ಬಳ್ಳಿಗೆ ಈ ನೀಲಿ ಚಿಮುಕಿಸುತ್ತಿದ್ದರಂತೆ. ಆ ಬಳ್ಳಿಗಳಿಗೆ ರೋಗ ತಗಲದ್ದನ್ನು ಗಮನಿಸಿದ ಮಿಲಾರ್ಡೆ ಎಂಬ ವಿಜ್ಞಾನಿ 1885ರಲ್ಲಿ ಅದನ್ನು ಔಷಧಿಯಾಗಿ ಲೋಕಕ್ಕೆ ಸಾರಿದ. ಫ್ರೆಂಚ್ ಕಳ್ಳರು ಬಹಳ ಮರ್ಯಾದಸ್ಥರಿರಬೇಕು. ನಮ್ಮ ಮಂಗಗಳು ನೀಲಿ ಹತ್ತಿದ ಎಳೆ ಅಡಿಕೆಯನ್ನೇ ಕಿತ್ತು, ಕಚ್ಚಿ, ರುಚಿಯಿಲ್ಲವೆಂದು ನನ್ನ ತಲೆಗೇ ಎಸೆಯುತ್ತವೆ.

ಮೊನ್ನೆ ಒಂದು ಮದುವೆಮನೆ. ಎಷ್ಟು ಸೀಗೆಪುಡಿ ತಿಕ್ಕಿದರೂ ಕಿವಿಯ ಸಂದಿ ನೀಲಿಯಾಗಿಯೇ ಉಳಿದಿತ್ತು. ಹಂತಿಯಲ್ಲಿ ಕೂತು ನೋಡಿದರೆ ಎಡಬಲದವರ ಉಗುರೂ ಅದೇ ಬಣ್ಣ. ಮದುಮಗನ ಉದ್ಯೋಗ ಯಾರೂ ಕೇಳಲಿಲ್ಲ. ಹೋಳಿಗೆಗೆ ತುಪ್ಪ ಬಡಿಸುತ್ತಿದ್ದವರೊಬ್ಬರು ಬಗ್ಗಿ ಗುಟ್ಟಾಗಿ ಕೇಳಿದರು: “ನಿಮ್ಗೆ ಕೊನೆಗೌಡ ಎಲ್ಲಿ ಸಿಕ್ಕಿದ್ನಾ ಮಾರಾಯ್ರೆ?”