ದಲ್ಲಾಳಿ ಮೀಮಾಂಸೆ: ‘ಹೇಳುವ ಬೆಲೆ’ಯ ಪ್ರಮಾಣ ವಿಚಾರ

ಜ್ಞಾನಕ್ಕೆ ಸಾಧನ ಯಾವುದು ಎಂಬ ಬಗ್ಗೆ ನಮ್ಮ ದಾರ್ಶನಿಕರು ಶತಮಾನಗಟ್ಟಲೆ ಜಗಳವಾಡಿದ್ದಾರೆ. ಚಾರ್ವಾಕರು ಕಣ್ಣಿಗೆ ಕಂಡದ್ದಷ್ಟೇ ಸಾಕೆಂದರು. ನೈಯಾಯಿಕರು ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂದು ನಾಲ್ಕಕ್ಕೆ ನಿಲ್ಲಿಸಿದರು. ಕುಮಾರಿಲ ಭಟ್ಟನ ಕಡೆಯವರು ಅರ್ಥಾಪತ್ತಿ, ಅನುಪಲಬ್ಧಿ ಎಂದು ಇನ್ನೆರಡು ಸೇರಿಸಿ ಆರು ಮಾಡಿಕೊಂಡರು. ಈ ಆರನ್ನೂ ಒಂದೇ ಬೆಳಗ್ಗೆ, ಬೈಟು ಕಾಫಿ ಆರುವುದರೊಳಗೆ, ಪ್ರಯೋಗಿಸಬಲ್ಲ ಪಂಡಿತವರ್ಗವೊಂದು ಬೆಂಗಳೂರಿನಲ್ಲಿದೆ ಎಂಬುದು ಪ್ರಸ್ತುತ ಪ್ರಬಂಧದ ಪ್ರತಿಜ್ಞೆ. ಲೋಕ ಅವರನ್ನು ಬ್ರೋಕರ್ ಎನ್ನುತ್ತದೆ. ಅವರ ಚಿಂತನೆಯ ವಸ್ತು ಒಂದೇ: ಮನೆಯೊಂದರ ‘ಹೇಳುವ ಬೆಲೆ’.

ಪೂರ್ವಪಕ್ಷ ಸರ್ಕಾರದ್ದು. ಪ್ರತಿ ಮನೆಗೂ ಒಂದು ಬೆಲೆಯಿದೆ, ಅದು ಪಟ್ಟಿಯಲ್ಲಿದೆ ಎಂಬುದು ಅದರ ವಾದ. 1957ರ ಕರ್ನಾಟಕ ಮುದ್ರಾಂಕ ಕಾಯ್ದೆಯ 45-ಬಿ ಕಲಮಿನಂತೆ ಕೇಂದ್ರ ಮೌಲ್ಯಮಾಪನ ಸಮಿತಿಯ ಉಸ್ತುವಾರಿಯಲ್ಲಿ ಬಡಾವಣೆ ಬಡಾವಣೆಗೂ ಮಾರ್ಗಸೂಚಿ ದರ ಗೊತ್ತಾಗುತ್ತದೆ. 2023ರ ಅಕ್ಟೋಬರ್ 1ರಂದು ಈ ದರಗಳು ರಾಜ್ಯದಾದ್ಯಂತ ಸರಾಸರಿ ಸುಮಾರು ಶೇ. 30ರಷ್ಟು ಏರಿದವು. ಅಂದು ಬೆಳಗ್ಗೆ ಎದ್ದು ನೋಡಿದಾಗ ಯಾರ ಮನೆಗೂ ಒಂದು ಇಟ್ಟಿಗೆ ಹೆಚ್ಚಾಗಿರಲಿಲ್ಲ. ದಲ್ಲಾಳಿ ಪಂಥ ಈ ಗ್ರಂಥವನ್ನು ಭಕ್ತಿಯಿಂದ ಕಾಣುತ್ತದೆ. ತೆಗೆದು ಓದುವುದು ಮಾತ್ರ ನೋಂದಣಿಯ ದಿನ.

ಇನ್ನು ಪ್ರತ್ಯಕ್ಷ. ವಿಜಯನಗರದ ಒಂದು ಥರ್ಟಿ-ಫಾರ್ಟಿ ಎಂದಿಟ್ಟುಕೊಳ್ಳಿ: 1,200 ಚದರಡಿ ಸೈಟು, ಕೆಳಗೆ ಓನರ್, ಮೇಲೆ ಎರಡು ಬಾಡಿಗೆ ಮನೆ, ಟೆರೇಸಿನಲ್ಲೊಂದು ಶೀಟಿನ ರೂಮು. ದಲ್ಲಾಳಿಗಳು ಸ್ಕೂಟರ್ ನಿಲ್ಲಿಸಿ, ಗೇಟಿನಲ್ಲೇ ನಿಂತು, ಮೊದಲು ಸೂರ್ಯನ ಕಡೆ ನೋಡುತ್ತಾರೆ. ‘ಈಸ್ಟ್ ಫೇಸಿಂಗು’ ಎಂದು ತಮಗೆ ತಾವೇ ಹೇಳಿಕೊಳ್ಳುತ್ತಾರೆ. ಆ ಮಾತಿಗೇ ಕೆಲವು ಲಕ್ಷ. ಸೈಟು ಮುಂದೆ ಕಿರಿದಾಗಿ ಹಿಂದೆ ಅಗಲವಿದ್ದರೆ ಗೋಮುಖ, ವಾಸಕ್ಕೆ ಶ್ರೇಷ್ಠ. ಮುಂದೆ ಅಗಲವಾಗಿ ಹಿಂದೆ ಕಿರಿದಾದರೆ ವ್ಯಾಘ್ರಮುಖ, ಅಂಗಡಿಗೆ ಶ್ರೇಷ್ಠ. ಯಾವ ಪ್ರಾಣಿಯ ಮುಖವಾದರೂ ಬೆಲೆ ಇಳಿಯದ ಹಾಗೆ ಶಾಸ್ತ್ರ ಏರ್ಪಟ್ಟಿರುವುದನ್ನು ವಿದ್ವಾಂಸರು ಗಮನಿಸಬೇಕು. ಗೋಡೆಯ ಬಿರುಕು, ಬಾತ್‌ರೂಮಿನ ಸೋರಿಕೆ, ಮೂವತ್ತು ವರ್ಷದ ವೈರಿಂಗು ಇವು ಪ್ರತ್ಯಕ್ಷದ ವ್ಯಾಪ್ತಿಗೆ ಬರುವುದಿಲ್ಲ. ‘ಹಳೇ ಕಟ್ಟಡ ಸಾರ್, ಸೈಟ್ ವ್ಯಾಲ್ಯೂಗೇ ಹೋಗೋದು’ ಎಂಬಲ್ಲಿಗೆ ಸೈಟು ಸತ್ಯ, ಕಟ್ಟಡ ಮಿಥ್ಯೆ ಎಂಬ ಅದ್ವೈತ ಸ್ಥಾಪನೆಯಾಗುತ್ತದೆ.

ಫ್ಲ್ಯಾಟಿನಲ್ಲಿ ಇದು ತಿರುವುಮುರುವು. ಅಲ್ಲಿ ಕಣ್ಣಿಗೆ ಕಾಣದ್ದಕ್ಕೇ ದುಡ್ಡು. ‘ಸೂಪರ್ ಬಿಲ್ಟ್ ಅಪ್’ 1,500 ಚದರಡಿಯ ಫ್ಲ್ಯಾಟಿನಲ್ಲಿ ಕಾರ್ಪೆಟ್ ಹಾಸಬಹುದಾದ ಜಾಗ 1,100ರ ಆಸುಪಾಸಿಗೆ ಇಳಿಯುವುದುಂಟು. ಮಿಕ್ಕದ್ದು ಲಿಫ್ಟು, ಮೆಟ್ಟಿಲು, ಲಾಬಿ, ಯಾರೂ ಈಜದ ಈಜುಕೊಳ ಇತ್ಯಾದಿಗಳಲ್ಲಿ ವಿಶ್ವಾತ್ಮನಂತೆ ವ್ಯಾಪಿಸಿರುತ್ತದೆ. 2016ರ ರೇರಾ ಕಾಯ್ದೆ ಕಾರ್ಪೆಟ್ ಏರಿಯಾವನ್ನು ಬಿಡಿಸಿ ಹೇಳಿ, ಒಳಗಿನ ಅಡ್ಡಗೋಡೆ ಲೆಕ್ಕಕ್ಕುಂಟು, ಬಾಲ್ಕನಿ ಲೆಕ್ಕಕ್ಕಿಲ್ಲ ಎಂದಿತು. ಬಿಲ್ಡರ್ ಅದನ್ನು ಕಾಗದದಲ್ಲಿ ನಮೂದಿಸುತ್ತಾರೆ. ಫೋನಿನಲ್ಲಿ ಈಗಲೂ ಕೇಳಿಸುವುದು ಸೂಪರೇ.

ಅನುಮಾನಕ್ಕೆ ತರ್ಕಶಾಸ್ತ್ರದ ಉದಾಹರಣೆ ಬೆಟ್ಟದ ಮೇಲಿನ ಹೊಗೆ, ಹೊಗೆಯಿದ್ದಲ್ಲಿ ಬೆಂಕಿ. ದಲ್ಲಾಳಿಗಳ ಹೊಗೆ ಮನೆಯ ಹಾಲಿನಲ್ಲಿರುತ್ತದೆ. ಕಾಫಿ ಬರುವುದರೊಳಗೆ ಕಣ್ಣು ಷೋಕೇಸಿನ ಮೇಲೆ ಒಮ್ಮೆ ಹರಿದು ಬರುತ್ತದೆ. ಟಿವಿ ಪಕ್ಕದಲ್ಲಿ ಹಿಮದ ನಡುವೆ ನಿಂತ ಮಗ-ಸೊಸೆಯ ಫೋಟೊ: ಮಕ್ಕಳು ಬರುವುದಿಲ್ಲ, ಓನರಿಗೆ ದುಡ್ಡಿನ ಅವಸರವಿಲ್ಲ, ಮೆಟ್ಟಿಲು ಹತ್ತುವ ಕಷ್ಟವಿದೆ. ಟೀಪಾಯಿ ಮೇಲೆ ಅರಿಶಿನ ಹಚ್ಚಿದ ಲಗ್ನಪತ್ರಿಕೆಗಳ ಕಟ್ಟು: ಅವಸರವಿದೆ. ಬ್ಯಾಂಕಿನ ಸೀಲಿರುವ ಲಕೋಟೆ, ಅದೂ ಬಿಚ್ಚದೆ ಇಟ್ಟದ್ದು: ಬಹಳ ಅವಸರವಿದೆ. ಅಣ್ಣತಮ್ಮಂದಿರು ಮೂವರೂ ಒಟ್ಟಿಗೆ ಕೂತು, ಮೂವರೂ ಒಟ್ಟಿಗೆ ಮಾತಾಡಿದರೆ ದಲ್ಲಾಳಿಗಳು ಕಾಫಿ ಮುಗಿಸಿ ಎದ್ದುಬಿಡುತ್ತಾರೆ. ಅಲ್ಲಿ ಬೆಲೆ ಹುಟ್ಟುವುದು ಕೋರ್ಟಿನಲ್ಲಿ.

ಶಾಸ್ತ್ರದ ತಿರುಳಿರುವುದು ಉಪಮಾನದಲ್ಲಿ. ಗವಯವೆಂಬ ಕಾಡುಪ್ರಾಣಿ ಹಸುವಿನಂತಿರುತ್ತದೆ ಎಂದು ಕೇಳಿದವನು ಕಾಡಿಗೆ ಹೋಗಿ ಅದನ್ನು ಗುರುತಿಸುತ್ತಾನೆ ಎಂಬುದು ನ್ಯಾಯದ ಹಳೆಯ ದೃಷ್ಟಾಂತ. ಇಲ್ಲಿ ಹಸು ಎಂದರೆ ಪಕ್ಕದ ರಸ್ತೆಯ ಮನೆ. ‘ಹೋದ ತಿಂಗಳು ಹಿಂದಿನ ಕ್ರಾಸಲ್ಲಿ ಇದೇ ಥರದ್ದು ಎರಡು ಮೂವತ್ತಕ್ಕೆ ಹೋಯ್ತು ಸಾರ್.’ ಕೋಟಿ ಎಂಬುದನ್ನು ಬಾಯಿಬಿಟ್ಟು ಹೇಳುವ ಪದ್ಧತಿಯಿಲ್ಲ. ವಿಶೇಷವೆಂದರೆ ಈ ಶಾಸ್ತ್ರದಲ್ಲಿ ಪ್ರತಿ ಗವಯಕ್ಕೂ ಎರಡು ಹಸು. ಮನೆ ತಮ್ಮ ಕೈಗೆ ಬರಬೇಕಾದಾಗ ಓನರಿಗೆ ತೋರಿಸುವ ಹಸು ಕೊಬ್ಬಿರುತ್ತದೆ, ಎರಡು ಮೂವತ್ತಕ್ಕೆ ಹೋದದ್ದು. ಎರಡು ತಿಂಗಳು ಕಳೆದು ಯಾರೂ ಬರದಿದ್ದಾಗ ಕಟ್ಟಿಹಾಕುವ ಹಸು ಬೇರೆ: ಅದು ಒಂದು ತೊಂಬತ್ತೈದಕ್ಕೆ ಹೋಗಿರುತ್ತದೆ. ಎರಡೂ ಒಂದೇ ಕ್ರಾಸಿನವು, ಎರಡಕ್ಕೂ ಡೋರ್ ನಂಬರ್ ಇರುವುದಿಲ್ಲ.

ಈ ಪ್ರಮಾಣದ ಬಲವನ್ನು ಅಮೆರಿಕದವರು ಪ್ರಯೋಗ ಮಾಡಿ ನೋಡಿದ್ದಾರೆ. 1987ರಲ್ಲಿ ಪ್ರಕಟವಾದ ಗ್ರೆಗರಿ ನಾರ್ತ್‌ಕ್ರಾಫ್ಟ್ ಮತ್ತು ಮಾರ್ಗರೆಟ್ ನೀಲ್ ಅವರ ಅಧ್ಯಯನವದು. ಅರಿಜೋನಾದ ಟೂಸಾನ್ ಊರಿನಲ್ಲಿ ನಿಜವಾದ ಮನೆಯೊಂದನ್ನು ವೃತ್ತಿನಿರತ ಏಜೆಂಟರಿಗೂ ವಿದ್ಯಾರ್ಥಿಗಳಿಗೂ ತೋರಿಸಿದರು. ಕೈಗೆ ಕೊಟ್ಟ ಮಾಹಿತಿಯ ಕಟ್ಟೂ ಒಂದೇ, ಮನೆಯೂ ಒಂದೇ. ಬೇರೆಯಾಗಿದ್ದದ್ದು ಅದರಲ್ಲಿ ನಮೂದಿಸಿದ ‘ಹೇಳುವ ಬೆಲೆ’ ಮಾತ್ರ. 65,900 ಡಾಲರ್ ಎಂದು ಓದಿದ ಏಜೆಂಟರು ಮನೆಗೆ ಸರಾಸರಿ ಸುಮಾರು 67,800 ಕಟ್ಟಿದರು. 83,900 ಎಂದು ಓದಿದವರು ಸುಮಾರು 75,000 ಕಟ್ಟಿದರು. ನಮೂದಿಸಿದ ಬೆಲೆ ನೋಡಿ ಹೇಳಿದಿರೋ ಎಂದರೆ, ಏಜೆಂಟರಲ್ಲಿ ಬಹುಪಾಲು ಜನ ಇಲ್ಲವೇ ಇಲ್ಲ ಎಂದರು. ವಿದ್ಯಾರ್ಥಿಗಳು ಪಾಪ, ನೋಡಿದೆವು ಎಂದು ಒಪ್ಪಿಕೊಳ್ಳುವುದರಲ್ಲಿ ಅವರಿಗಿಂತ ಮುಂದಿದ್ದರು. ಹೇಳಿದ ಬೆಲೆ ಕೇಳುವವರ ತಲೆಯಲ್ಲಿ ಗೂಟ ಹೊಡೆದು ಕೂರುತ್ತದೆ ಎಂಬುದು ಆ ಪ್ರಯೋಗದ ಸಾರ. ಹೊಡೆಯುವವರ ತಲೆಯಲ್ಲೂ ಕೂರುತ್ತದೆ ಎಂಬುದು ಅದರ ಸ್ವಾರಸ್ಯ.

ಶಬ್ದ ಪ್ರಮಾಣವೆಂದರೆ ಆಪ್ತವಾಕ್ಯ. ಬೆಂಗಳೂರಿನಲ್ಲಿ ಅತ್ಯಂತ ಆಪ್ತವಾದ ವಾಕ್ಯ ‘ಮೆಟ್ರೊ ಬರುತ್ತೆ ಸಾರ್’. ಮೆಟ್ರೊ ಎರಡನೇ ಹಂತಕ್ಕೆ ಕೇಂದ್ರದ ಒಪ್ಪಿಗೆ ಸಿಕ್ಕಿದ್ದು 2014ರಲ್ಲಿ, ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹಳದಿ ಮಾರ್ಗದ ರೈಲು ಓಡಿದ್ದು 2025ರ ಆಗಸ್ಟ್‌ನಲ್ಲಿ. ನಡುವಿನ ಹನ್ನೊಂದು ವರ್ಷ ಎಲೆಕ್ಟ್ರಾನಿಕ್ ಸಿಟಿ ಕಡೆಯ ಫ್ಲ್ಯಾಟುಗಳು ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ನಿಂತುಕೊಂಡೇ ಮೆಟ್ರೊ ಬೆಲೆಗೆ ಬಿಕರಿಯಾದವು. ಇದಾದರೂ ಕೊನೆಗೆ ಬಂತು. ಪೆರಿಫೆರಲ್ ರಿಂಗ್ ರೋಡ್ ಎಂಬ ಹೆದ್ದಾರಿ ಎರಡು ದಶಕಗಳಿಂದ ಅಧಿಸೂಚನೆಗಳಲ್ಲಿ ಮಾತ್ರ ಹರಿಯುತ್ತಿದೆ, ಈಚೆಗೆ ಬೆಂಗಳೂರು ಬಿಸಿನೆಸ್ ಕಾರಿಡಾರ್ ಎಂದು ನಾಮಕರಣವನ್ನೂ ಮಾಡಿಸಿಕೊಂಡಿದೆ. ಆದರೆ ಅದರ ಅಕ್ಕಪಕ್ಕದ ಸೈಟುಗಳ ರೇಟಿನಲ್ಲಿ ವಾಹನಗಳು ಆಗಲೇ ಓಡಾಡುತ್ತಿವೆ. ದೇವನಹಳ್ಳಿಯಲ್ಲಿ 2008ರ ಮೇನಲ್ಲಿ ವಿಮಾನ ಇಳಿದದ್ದೇ ಈ ಪ್ರಮಾಣಕ್ಕೆ ಸಿಕ್ಕ ದೊಡ್ಡ ಪುಷ್ಟಿ; ಅಂದಿನಿಂದ ಯಾರೂ ‘ಬರದಿದ್ದರೆ?’ ಎಂದು ಗಟ್ಟಿಯಾಗಿ ಕೇಳುವ ಧೈರ್ಯ ಮಾಡಿಲ್ಲ.

ಅರ್ಥಾಪತ್ತಿ ಸೂಕ್ಷ್ಮ ವಿಷಯ, ಬಾಗಿಲು ಹಾಕಿಕೊಂಡು ಚರ್ಚಿಸಬೇಕಾದದ್ದು. ಮೀಮಾಂಸಕರ ದೃಷ್ಟಾಂತ ದೇವದತ್ತನೆಂಬವನದು: ಹಗಲು ಊಟ ಮಾಡುವುದಿಲ್ಲ, ಆದರೂ ದಪ್ಪಗಿದ್ದಾನೆ, ಆದ್ದರಿಂದ ರಾತ್ರಿ ಉಣ್ಣುತ್ತಾನೆ. ಎರಡು ಕೋಟಿಗೆ ವ್ಯಾಪಾರವಾದ ಮನೆ ನೋಂದಣಿ ಪತ್ರದಲ್ಲಿ ಮಾರ್ಗಸೂಚಿ ದರಕ್ಕೆ ಸರಿಯಾಗಿ, ಒಂದು ರೂಪಾಯಿ ಆಚೀಚೆಯಿಲ್ಲದೆ ಬಡಕಲಾಗಿ ಕಂಡರೆ, ದೇವದತ್ತ ರಾತ್ರಿ ಎಲ್ಲಿ ಉಂಡನೆಂದು ಊಹಿಸಲು ತರ್ಕಶಾಸ್ತ್ರ ಬೇಕಿಲ್ಲ. ಕಾರಣವೂ ಗುಟ್ಟಲ್ಲ. 45 ಲಕ್ಷದ ಮೇಲಿನ ಮನೆಗೆ ಶೇ. 5 ಮುದ್ರಾಂಕ ಶುಲ್ಕ, ಅದರ ಮೇಲೆ ಸೆಸ್ಸು, ಸರ್ಚಾರ್ಜು. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 1ರಿಂದ 2ಕ್ಕೆ ಏರಿದೆ. ರಾತ್ರಿಯೂಟ ನಿಲ್ಲಿಸಲು ಪ್ರಯತ್ನ ನಡೆಯದೇ ಇಲ್ಲ. 2013ರ ಜೂನ್‌ನಿಂದ 50 ಲಕ್ಷ ಮುಟ್ಟಿದ ಖರೀದಿಗೆ ಶೇ. 1 ಟಿಡಿಎಸ್ ಬಂತು. 2015ರ ಜೂನ್‌ನಿಂದ ಆಸ್ತಿಯ ಮುಂಗಡವನ್ನು 20,000 ರೂಪಾಯಿ ಮುಟ್ಟಿದರೆ ನಗದಾಗಿ ಪಡೆಯುವಂತಿಲ್ಲ. 2016ರ ನವೆಂಬರ್ 8ರ ರಾತ್ರಿ ಅಡಿಗೆಮನೆಗೇ ಬೀಗ ಬಿತ್ತು. ಹೀಗಿದ್ದೂ ‘ವೈಟ್ ಎಷ್ಟು ಬೇಕು ಸಾರ್?’ ಎಂಬ ಪ್ರಶ್ನೆ ಬಳಕೆಯಿಂದ ಹೋಗಿಲ್ಲ. ಆದ್ದರಿಂದ ಒಂದೇ ಮನೆಗೆ ಹೇಳುವ ಬೆಲೆಯೂ ಎರಡು: ಲೋನ್ ಪಾರ್ಟಿಗೊಂದು, ಕ್ಯಾಷ್ ಪಾರ್ಟಿಗೊಂದು.

ಅನುಪಲಬ್ಧಿ, ಅಂದರೆ ಇಲ್ಲದಿರುವುದರ ಅರಿವು, ಓನರ್ ಎದುರು ಎತ್ತಬಾರದ ಪ್ರಮಾಣ; ಕೊಳ್ಳುವವರ ಲಾಯರ್ ಎತ್ತುತ್ತಾರೆ. ಎ ಖಾತಾ ಇಲ್ಲ. ಓಸಿ ಇಲ್ಲ. ಮದರ್ ಡೀಡಿನಲ್ಲಿ ಒಬ್ಬ ತಂಗಿಯ ಸಹಿ ಇಲ್ಲ. 2024ರ ಬೇಸಿಗೆಯಲ್ಲಿ ಬೋರ್‌ವೆಲ್ಲುಗಳು ಬತ್ತಿ ಟ್ಯಾಂಕರಿಗೆ ಜನ ಕಾದು ನಿಂತ ಮೇಲೆ ನೀರೂ ಈ ಪಟ್ಟಿಗೆ ಸೇರಿತು. ಆ ವರ್ಷ ಅಕ್ಟೋಬರಿನಲ್ಲಿ ಕಾವೇರಿ 5ನೇ ಹಂತ ಉದ್ಘಾಟನೆಯಾದದ್ದೇ ತಡ, ಹೊರವಲಯದ ಜಾಹೀರಾತುಗಳಲ್ಲಿ ಕಾವೇರಿ ಧಾರಾಳವಾಗಿ ಹರಿದಳು. ಅಲ್ಲಿಗೆ ಅನುಪಲಬ್ಧಿ ಮತ್ತೆ ಶಬ್ದ ಪ್ರಮಾಣದೊಳಗೆ ಲೀನವಾಯಿತು.

ಈ ಆರನ್ನೂ ಕಂಪ್ಯೂಟರಿಗೆ ಕಲಿಸಬಹುದೆಂಬ ಯಂತ್ರವಾದಿಗಳ ಮತವೊಂದಿದೆ. ಅಮೆರಿಕದ ಝಿಲೋ ಕಂಪನಿ 2006ರಿಂದ ಮನೆಗಳ ಬೆಲೆಯನ್ನು ಲೆಕ್ಕ ಹಾಕಿ ಪ್ರಕಟಿಸುತ್ತಿದೆ. 2016ರಲ್ಲಿ ಅದರ ಅಂದಿನ ಮುಖ್ಯಸ್ಥ ಸ್ಪೆನ್ಸರ್ ರಾಸ್ಕಾಫ್ ಸಿಯಾಟಲ್ಲಿನ ತಮ್ಮ ಮನೆಯನ್ನು 10.5 ಲಕ್ಷ ಡಾಲರಿಗೆ ಮಾರಿದರು. ಅವರದೇ ಯಂತ್ರ ಅದಕ್ಕೆ ಕಟ್ಟಿದ್ದು ಸುಮಾರು 17.5 ಲಕ್ಷ. ಯಂತ್ರದ ಮಾತು ನಂಬಿ ತಾನೇ ಮನೆ ಕೊಂಡು ಮಾರಲು ಹೊರಟ ಕಂಪನಿ, 2021ರ ನವೆಂಬರಿನಲ್ಲಿ ಆ ವಿಭಾಗಕ್ಕೆ ಬಾಗಿಲು ಹಾಕಿತು. ವಿಜಯನಗರದ ದಲ್ಲಾಳಿಗಳು ಹಾಲಿನ ಫೋಟೊ ನೋಡಿ ತಿಳಿಯುವುದನ್ನು ಅದು ದೂರದಿಂದಲೇ ಲೆಕ್ಕ ಹಾಕಿ ತಿಳಿಯಲು ಹೋಗಿತ್ತು.

ಸಿದ್ಧಾಂತಕ್ಕೆ ಬರಬಹುದು. ಪ್ರಸ್ತುತ ಸಂಶೋಧಕನ ಮತದಲ್ಲಿ ಹೇಳುವ ಬೆಲೆಗೂ ಮನೆಗೂ ದೂರದ ನೆಂಟಸ್ತನ ಮಾತ್ರ. ಅದರ ನಿಜವಾದ ತಂದೆತಾಯಿ ಓನರಿನ ಆಸೆ ಮತ್ತು ದಲ್ಲಾಳಿಯ ಕಮಿಷನ್ನು. ಮೂವರು ಬ್ರೋಕರುಗಳಲ್ಲಿ ಹೆಚ್ಚು ಬೆಲೆ ಹೇಳಿದವರಿಗೇ ಓನರ್ ಬೀಗದಕೈ ಕೊಡುವುದರಿಂದ ಮೊದಲು ಏರಿಸಲೇಬೇಕು. ಕೈಗೆ ಬಂದ ಮೇಲೆ ಬೇಗ ಮುಗಿಯಲಿ ಎಂದು ಇಳಿಸಬೇಕು. ಓನರ್ ಇನ್ನೆರಡು ತಿಂಗಳು ತಡೆದು ಹತ್ತು ಲಕ್ಷ ಹೆಚ್ಚು ಗಿಟ್ಟಿಸಿದರೆ, ಒಂದು ಪರ್ಸೆಂಟಿನ ಲೆಕ್ಕದಲ್ಲಿ ದಲ್ಲಾಳಿಗೆ ಸೇರುವುದು ಹತ್ತು ಸಾವಿರ, ಪೆಟ್ರೋಲಿಗೆ ಆಗಬಹುದು. ಸ್ಟೀವನ್ ಲೆವಿಟ್ ಮತ್ತು ಚ್ಯಾಡ್ ಸಿವರ್ಸನ್ ಎಂಬ ಅರ್ಥಶಾಸ್ತ್ರಜ್ಞರು ಶಿಕಾಗೊ ಸುತ್ತಿನ ಲಕ್ಷದ ಹತ್ತಿರದಷ್ಟು ಮಾರಾಟಗಳನ್ನು ತಾಳೆ ನೋಡಿ 2008ರಲ್ಲಿ ಪ್ರಕಟಿಸಿದ್ದೂ ಇದನ್ನೇ. ಏಜೆಂಟರು ಸ್ವಂತ ಮನೆ ಮಾರುವಾಗ ಸರಾಸರಿ ಒಂಬತ್ತೂವರೆ ದಿನ ಹೆಚ್ಚು ಕಾಯುತ್ತಾರೆ, ಶೇ. 3.7ರಷ್ಟು ಹೆಚ್ಚು ಬೆಲೆ ಪಡೆಯುತ್ತಾರೆ. ಗಿರಾಕಿಗಳ ಮನೆಗೆ ಆ ತಾಳ್ಮೆ ಒದಗುವುದಿಲ್ಲ.

ಪ್ರಯೋಗಭಾಗ ನಡೆಯುವುದು ‘ಸಿಟ್ಟಿಂಗ್’ ಎಂಬ ಸಭೆಯಲ್ಲಿ, ಆಷಾಢವೂ ಪಿತೃಪಕ್ಷವೂ ಅಲ್ಲದ ದಿನ, ರಾಹುಕಾಲ ಕಳೆದ ಮೇಲೆ. ಹೇಳಿದ್ದು ಎರಡು ನಲವತ್ತು. ಓನರ್ ಮನಸ್ಸಿನಲ್ಲಿರುವುದು ಎರಡು ಹತ್ತು. ಕೊಳ್ಳುವ ಪಾರ್ಟಿ ಒಂದು ಎಂಬತ್ತೈದರಿಂದ ಶುರು ಮಾಡುತ್ತಾರೆ. ದಲ್ಲಾಳಿಗಳು ಒಬ್ಬೊಬ್ಬರನ್ನೇ ಟೆರೇಸಿಗೆ ಕರೆದುಕೊಂಡು ಹೋಗಿ ಬರುತ್ತಾರೆ. ಮೂರನೇ ಸಲ ಇಳಿದು ಬರುವಾಗ ಎರಡು ಹದಿನೈದು ಆಗಿರುತ್ತದೆ, ಟೋಕನ್ ಅಡ್ವಾನ್ಸ್ ಕೈ ಬದಲಾಯಿಸುತ್ತದೆ, ಎಲ್ಲರಿಗೂ ಇನ್ನೊಂದು ಸುತ್ತು ಕಾಫಿ.

ಆಮೇಲೆ ಓನರ್ ಸಣ್ಣ ದನಿಯಲ್ಲಿ ಕೇಳುತ್ತಾರೆ: ‘ನಿಮ್ಮದು?’

‘ಎರಡು ಪರ್ಸೆಂಟು ಸಾರ್. ಹಿಂದಿನ ಕ್ರಾಸಿನವರು ಅಷ್ಟೇ ಕೊಟ್ರು.’

‘ಯಾವ ಮನೆಯವರು?’

‘ಅದೇ ಸಾರ್, ಹೋದ ತಿಂಗಳು ಹೋಯ್ತಲ್ಲ.’

ಅರ್ಧ ಗಂಟೆಯ ವಾದದ ನಂತರ ಒಂದು ಪರ್ಸೆಂಟಿಗೆ ನಿಲ್ಲುತ್ತದೆ. ದಲ್ಲಾಳಿಗಳು ಹೆಲ್ಮೆಟ್ ಕೈಗೆತ್ತಿಕೊಂಡು ಕೊಳ್ಳುವ ಪಾರ್ಟಿಯ ಕಡೆ ತಿರುಗುತ್ತಾರೆ: ‘ಖಾತಾ ಟ್ರಾನ್ಸ್‌ಫರ್ ಖರ್ಚು ಬೇರೆ ಸಾರ್, ಈಗಲೇ ಹೇಳಿಬಿಟ್ಟಿದೀನಿ.’