ಹಾರಿದ್ದು ಮುಕ್ಕಾಲು ಗಂಟೆ

ಬೆಂಗಳೂರಿನಿಂದ ಮಂಗಳೂರಿಗೆ ಆಕಾಶದಲ್ಲಿ ನೇರ ಗೆರೆ ಎಳೆದರೆ ಸುಮಾರು 305 ಕಿ.ಮೀ. ಟಿಕೆಟಿನ ಪ್ರಕಾರ 1 ಗಂಟೆ 5 ನಿಮಿಷ. ಅಷ್ಟನ್ನೇ ನಂಬಿ ಭಾವನ ಮುಂದೆ ಜಂಬ ಕೊಚ್ಚಿದೆ: "ನೀವು ರಾತ್ರಿಯಿಡೀ ಬಸ್ಸಿನಲ್ಲಿ ಶಿರಾಡಿ ಘಾಟಿಯಲ್ಲಿ ಕುಲುಕಾಡಿಕೊಂಡು ಹೋಗಿ ಭಾವ. ನಾನು ಒಂದು ಗಂಟೆಯಲ್ಲಿ ಬರ್ತೇನೆ." ಚಿಕ್ಕಮ್ಮನಿಗೆಂದು ಅಮ್ಮ ಇಬ್ಬರ ಕೈಗೂ ಒಂದೊಂದು ಡಬ್ಬಿ ಮಿಡಿ ಉಪ್ಪಿನಕಾಯಿ ಕೊಟ್ಟಳು.

ನನ್ನ ಒಂದು ಗಂಟೆ ಜಯನಗರದಲ್ಲಿ ಬೆಳಿಗ್ಗೆ ಆರೂವರೆಗೆ ಶುರುವಾಯಿತು. ವಿಮಾನ ಹತ್ತೂವರೆಗೆ. 2008ರ ತನಕ ಎಚ್‌ಎಎಲ್‌ ವಿಮಾನ ನಿಲ್ದಾಣಕ್ಕೆ ಹೋದರೆ ಸಾಕಿತ್ತು. ಆಮೇಲೆ ನಿಲ್ದಾಣವನ್ನು ದೇವನಹಳ್ಳಿಗೆ ಸಾಗಹಾಕಿ, ಮುಂದೆ ಕೆಂಪೇಗೌಡರ ಹೆಸರಿಟ್ಟರು. ಕೆಂಪೇಗೌಡರ ಮನೆತನದವರು ಊರಿನ ಎಲ್ಲೆಗೆಂದು ಕಟ್ಟಿಸಿದರೆನ್ನುವ ಗೋಪುರ ಮೇಖ್ರಿ ಸರ್ಕಲ್ ಬಳಿ ಇದೆ. ಊರು ಮುಗಿಯಿತೆಂದು ಗೌಡರು ಹೇಳಿದ ಜಾಗದಿಂದ ಅವರದೇ ಹೆಸರಿನ ನಿಲ್ದಾಣಕ್ಕೆ ಇನ್ನೂ 25 ಕಿ.ಮೀ.ಗೂ ಹೆಚ್ಚು!

ತಪಾಸಣೆಯಲ್ಲಿ ಬೆಲ್ಟನ್ನು ಟ್ರೇಗೆ ಹಾಕಿ, ಒಂದು ಕೈಯಲ್ಲಿ ಪ್ಯಾಂಟು ಹಿಡಿದುಕೊಂಡು ನಿಂತೆ. ನನ್ನನ್ನು ಒಳಗೆ ಬಿಟ್ಟರು, ಉಪ್ಪಿನಕಾಯಿಯನ್ನು ಬಿಡಲಿಲ್ಲ. ಕೊನೆಗೆ, ಬಸ್ಸೇ ಬೇಡವೆಂದು ಬಂದವನನ್ನು ವಿಮಾನದ ತನಕ ಬಸ್ಸಿನಲ್ಲೇ ಕರೆದೊಯ್ದರು. ಅದರಲ್ಲೂ ಸೀಟು ಸಿಗಲಿಲ್ಲ.

ಟಿಕೆಟಿನ ಗಡಿಯಾರ ಓಡತೊಡಗುವುದು ವಿಮಾನ ನಿಂತಲ್ಲಿಂದ ಹಿಂದೆ ಸರಿದಾಗ. ನಿಲ್ಲುವುದು ಅದು ಆಚೆ ಊರಲ್ಲಿ ನಿಂತಾಗ. ರನ್‌ವೇ ತನಕ ತೆವಳುವುದು, ಸರದಿ ಕಾಯುವುದು ಎಲ್ಲ ಅದರೊಳಗೇ. ಸಾಲದ್ದಕ್ಕೆ ಕಂಪನಿಗಳು ಒಂದಿಷ್ಟು ನಿಮಿಷ ಮೊದಲೇ ಸೇರಿಸಿಟ್ಟಿರುತ್ತವೆ. ಹಾಗಾಗಿ ಮಂಗಳೂರಿನ ಬಜಪೆಯಲ್ಲಿ ಇಳಿದ ಕೂಡಲೇ ಧ್ವನಿವರ್ಧಕ ಹಿಗ್ಗಿತು: ನಿಗದಿತ ಸಮಯಕ್ಕಿಂತ ಹತ್ತು ನಿಮಿಷ ಮೊದಲೇ ತಲುಪಿದ್ದೇವೆ! ಐನೂರು ಸೇರಿಸಿ ಬೆಲೆ ಹೇಳಿ, ಐನೂರು ಬಿಟ್ಟುಕೊಡುವ ಸೀರೆ ಅಂಗಡಿಯವನ ಔದಾರ್ಯ ಇದು.

ಟ್ಯಾಕ್ಸಿಗೆ ಕಾದು, ಗುಡ್ಡ ಇಳಿದು, ಕದ್ರಿಯ ಚಿಕ್ಕಮ್ಮನ ಮನೆ ಮುಟ್ಟುವಾಗ ಗಂಟೆ 12.40. ಮನೆಯಿಂದ ಮನೆಗೆ ಆರು ಗಂಟೆ ಹತ್ತು ನಿಮಿಷ. ರಸ್ತೆ, ಆಕಾಶ ಎರಡನ್ನೂ ಕೂಡಿಸಿ ಭಾಗಿಸಿದೆ: ನನ್ನ ವೇಗ ಗಂಟೆಗೆ ಸುಮಾರು 58 ಕಿ.ಮೀ. ಇಷ್ಟಕ್ಕೆ ಸ್ಕೂಟರ್ ಸಾಲುತ್ತಿತ್ತು.

ಭಾವ ರಾತ್ರಿ ಹತ್ತಕ್ಕೆ ಬಸ್ಸಿನಲ್ಲಿ ಮಲಗಿ, ಆರಕ್ಕೆ ಎದ್ದು, ಮನೆಗೆ ಬಂದು ಸ್ನಾನ ಮಾಡಿ, ನೀರುದೋಸೆ ತಿಂದು ಇನ್ನೊಂದು ನಿದ್ದೆಯನ್ನೂ ಮುಗಿಸಿದ್ದರು.

"ಎಷ್ಟು ಹೊತ್ತು ಹಿಡಿಯಿತು ಮಾರಾಯ?"

"ಹಾರಿದ್ದು ಮುಕ್ಕಾಲು ಗಂಟೆ ಭಾವ."

ಅವರು ಮರುಮಾತಾಡಲಿಲ್ಲ. ಊಟಕ್ಕೆ ಕೂತಾಗ ಡಬ್ಬಿಯನ್ನು ನನ್ನ ಕಡೆ ಸರಿಸಿದರು: "ಹಾಕಿಕೋ. ಇದು ಬಸ್ಸಲ್ಲಿ ಬಂದದ್ದು."